ಡಿಪೋ ಚಾಚಾ ಮತ್ತು ನಮ್ಮ ಓಣಿಯ ಬಾವಿ

ಮೊನ್ನೆ ಮನೆಗೆ ಬಣ್ಣ ಹೊಡೆಯಲು ಬಂದಿದ್ದವನು ಕುಂಚ ತೊಳೆಯಲೆಂದು ಒಂದು ಡಬ್ಬಿಯ ಮುಚ್ಚಳ ತೆಗೆದ. ಸೀಮೆಎಣ್ಣೆ! ಆ ವಾಸನೆ ಮೂಗಿಗೆ ಬಡಿದು ಎಷ್ಟು ವರ್ಷವಾಗಿತ್ತೋ. ಸೊಸೆ ಮುಖ ಕಿವುಚಿಕೊಂಡು ಕಿಟಕಿ ತೆರೆಯಲು ಓಡಿದಳು. ನಾನು ಮಾತ್ರ ಅಲ್ಲೇ ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ... ಹರಿಹರದ ಆ ಓಣಿ, ಬಾವಿಕಟ್ಟೆ, ನಮ್ಮ ಡಿಪೋ ಚಾಚಾ, ಎಲ್ಲ ಒಟ್ಟಿಗೇ ಬಂದರು.

ಐವತ್ತರ ದಶಕದ ಕೊನೆಯ ಮಾತು. ಲೋಕಿಕೆರೆಯಲ್ಲಿ ಹುಟ್ಟಿ ಬೆಳೆದ ನಾನು ಮದುವೆಯಾಗಿ ಹರಿಹರಕ್ಕೆ ಬಂದಿದ್ದೆ. ನಮ್ಮೆಜಮಾನರು ರೈಲ್ವೆಯಲ್ಲಿ ಗುಮಾಸ್ತರು. ಮನೆ ಸ್ಟೇಷನ್ನಿನ ಹಿಂದೆ, ಸೀಮೆಎಣ್ಣೆ ಡಿಪೋದ ಗೋಡೆಗೆ ಅಂಟಿದಂತಿದ್ದ ಓಣಿಯಲ್ಲಿ. ಗೋಡೆಯಾಚೆ ಎತ್ತರದ ಕಬ್ಬಿಣದ ಟ್ಯಾಂಕಿಗಳು. ರೈಲಿನಲ್ಲಿ ಬಂದ ಎಣ್ಣೆ ಅವುಗಳಲ್ಲಿ ತುಂಬಿ, ಅಲ್ಲಿಂದ ಸುತ್ತಲ ಊರುಗಳ ದೀಪಗಳಿಗೆ ಹೋಗುತ್ತಿತ್ತು. ಆ ಟ್ಯಾಂಕಿಗಳು ಸೋರದಂತೆ ನೋಡಿಕೊಳ್ಳುವುದು ಪಕ್ಕದ ಮನೆಯ ಚಾಚಾರ ಕೆಲಸ. ಸಣ್ಣ ಸುತ್ತಿಗೆಯಿಂದ ತಗಡು ತಟ್ಟಿ ಸದ್ದು ಕೇಳುವರು, ತಗಡುಗಳು ಕೂಡುವ ಕಡೆ ಬೆರಳಾಡಿಸುವರು. ಆಗಾಗ ಟ್ಯಾಂಕಿ ಖಾಲಿ ಮಾಡಿಸಿ ಒಳಗಿಳಿದು ತಳ ನೋಡುವರು. ಅದಕ್ಕೂ ಮೊದಲು ಟ್ಯಾಂಕಿಯ ಬಾಯಿಯ ಹತ್ತಿರ ಮೂಗಿಟ್ಟು, ಒಳಗೆ ಕೆಟ್ಟ ಗಾಳಿ ಉಳಿದಿದೆಯೇ ಎಂದು ಹೇಳಬೇಕಾದವರೂ ಅವರೇ. ಅವರು ಹೂಂ ಅಂದ ಮೇಲೆಯೇ ಉಳಿದ ಆಳುಗಳು ಇಳಿಯುತ್ತಿದ್ದರು.

ಚಾಚಾರ ಹೆಂಡತಿ ತೀರಿಕೊಂಡಿದ್ದರು. ಮಗ ದಾವಣಗೆರೆಯಲ್ಲಿ ಹತ್ತಿ ಗಿರಣಿ ಸೇರಿದ್ದ. ಒಂಟಿ ಮನುಷ್ಯನೆಂದು ನಮ್ಮತ್ತೆ ಗೋಡೆ ಮೇಲಿಂದ ರೊಟ್ಟಿ, ಪಲ್ಯ ಕೊಡುತ್ತಿದ್ದರು. ನಾನು ಎಷ್ಟು ಖಾರ ಅರೆದು ಹಾಕಿದರೂ ಅವರದು ಒಂದೇ ಮಾತು: "ಇನ್ನಷ್ಟು ಜಾಡಿಸವ್ವಾ ಬೇಟಿ, ನಾಲಿಗಿಗೆ ತಿಳೀಲಿ." ಖಾರದ ಬಾಯಿ ಅಂದುಕೊಂಡಿದ್ದೆ.

ಆ ಬೇಸಿಗೆಯಲ್ಲಿ ನಾನು ಬಸುರಿ. ಅನ್ನ ಕುದಿದರೂ ಓಕರಿಕೆ. ಒಂದು ಬೆಳಿಗ್ಗೆ ಬಾವಿಯಿಂದ ಸೇದಿದ ನೀರನ್ನು ಬಾಯಿಗಿಡಲಾಗಲಿಲ್ಲ. ಸೀಮೆಎಣ್ಣೆಯ ನಾತ. ಹೇಳಿದರೆ ಅತ್ತೆ ನಕ್ಕರು.

"ಈ ಓಣಿ ತುಂಬ ಅದೇ ವಾಸನೆ ಐತೆ. ಬಸುರಿ ಮೂಗು, ಎಲ್ಲಾ ನಾತಾನೇ."

ಎಜಮಾನರೂ ಒಂದು ಗುಟುಕು ಕುಡಿದು, ಏನೂ ಇಲ್ಲವೆಂದರು. ಹುಟ್ಟಿದಾಗಿನಿಂದ ಆ ಗಾಳಿಯಲ್ಲೇ ಇದ್ದವರಿಗೆ ಅದು ವಾಸನೆಯೇ ಅಲ್ಲ. ನಾನು ಅಳು ನುಂಗಿಕೊಂಡು ಲೋಟವನ್ನು ಚಾಚಾರಿಗೆ ಕೊಟ್ಟೆ. "ನೀವರ ನೋಡ್ರಿ ಚಾಚಾ."

ಅವರು ಲೋಟವನ್ನು ಮೂಗಿನ ಬಳಿ ಬಹಳ ಹೊತ್ತು ಹಿಡಿದರು. ಮುಖ ಕಪ್ಪಿಟ್ಟಿತು.

"ಖರೇನ ಐತೇನವ್ವಾ?"

"ಐತ್ರಿ."

ಮರುದಿನ ಒಂದು ತಟ್ಟೆಯಲ್ಲಿ ಲೋಟಗಳನ್ನಿಟ್ಟುಕೊಂಡು ಬಂದರು. ಕೆಲವಕ್ಕೆ ಹೊಳೆಯ ನೀರು, ಕೆಲವಕ್ಕೆ ಬಾವಿಯ ನೀರು. ಯಾವುದು ಯಾವುದೆಂದು ಅವರಿಗಷ್ಟೇ ಗೊತ್ತು. ನಾನು ಮೂಸಿ ಬಾವಿಯದನ್ನು ಬೇರೆ ಇಟ್ಟೆ. ಲೋಟಗಳ ಜಾಗ ಬದಲಿಸಿ ಮತ್ತೆ ಕೊಟ್ಟರು, ಮತ್ತೆ ಬೇರೆ ಇಟ್ಟೆ. ಅತ್ತೆಯ ನಗು ನಿಂತಿತು. ಚಾಚಾ ಟವೆಲ್ಲು ಹೆಗಲಿಗೆ ಹಾಕಿಕೊಂಡು ನೇರ ಡಿಪೋಕ್ಕೆ ನಡೆದರು.

ಸ್ವಲ್ಪ ಹೊತ್ತಿಗೆ ಚಾಚಾರ ಜೊತೆ ಡಿಪೋ ಮ್ಯಾನೇಜರು ಬಾವಿಕಟ್ಟೆಗೇ ಬಂದರು. ಕೆಟ್ಟವರಲ್ಲ, ಆದರೆ ತಲೆಬಿಸಿಯಲ್ಲಿದ್ದರು. ಬಗ್ಗಿ ಮೂಸಿದರು. ಅವರದೂ ಡಿಪೋದ ಮೂಗು, ಏನೂ ತಿಳಿಯಲಿಲ್ಲ.

"ಎಣ್ಣೆ ಅಳತೆ ಸರಿಯಾಗೇ ಐತಲ್ರಿ. ಟ್ಯಾಂಕಿ ಖಾಲಿ ಮಾಡಿಸಿದ್ರೆ ಬರೋ ರೈಲಿನ ಎಣ್ಣಿ ಎಲ್ಲಿ ಹಾಕ್ಲಿ? ಹೋಗ್ಲಿ ಚಾಚಾ, ನಿಮ್ಮ ಮೂಗಿಗೆ ಬಂತೇನು ಹೇಳ್ರಿ. ನಿಮ್ಮ ಮಾತಿನ ಮ್ಯಾಲೆ ಮಾಡಿಸ್ತೀನಿ."

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಚಾಚಾ ಬಾವಿಯ ಕಲ್ಲು ಹಿಡಿದು ನಿಂತರು.

"ಇಲ್ರಿ ಸಾಹೇಬ್ರ. ನನಗ ವಾಸನಿ ತಿಳಿಯೋದು ನಿಂತು ಭಾಳ ದಿನ ಆತು. ಹೇಳಾಕ ಹೆದರಿಕಿ ಆತು. ಖಾಲಿ ಆದ ಮ್ಯಾಲೆ ಆಳು ಇಳೀತಾರ... ಅವರ ಜೀವ ನನ್ನ ಮೂಗಿನ ಮ್ಯಾಲೆ ನಿಂತಿರ್ತೈತೆ. ಅದನ್ನ ನಂಬಬ್ಯಾಡ್ರಿ. ಈ ಹುಡುಗಿ ಮೂಗು ನಂಬ್ರಿ."

ನನಗೆ ಆಗ ಆ ಖಾರದ ಗುಟ್ಟು ತಿಳಿಯಿತು.

ಮ್ಯಾನೇಜರು ಗೋಡೆಗೆ ಹತ್ತಿರದ ಟ್ಯಾಂಕಿ ಖಾಲಿ ಮಾಡಿಸಿದರು. ಬಾಯಿ ತೆರೆದು ದಿನಗಟ್ಟಲೆ ಗಾಳಿಯಾಡಲು ಬಿಟ್ಟರು. ಗಾಳಿ ನೋಡಲು ದಾವಣಗೆರೆಯಿಂದ ಬೇರೆಯವರನ್ನು ಕರೆಸಿದರು. ಆಳುಗಳು ಇಳಿದಾಗ ಚಾಚಾ ಮೊದಲ ಬಾರಿಗೆ ಹೊರಗೆ ನಿಂತಿದ್ದರಂತೆ. ತಳದ ತುಕ್ಕು ಕೆರೆದು ತಟ್ಟುತ್ತ ಹೋದಾಗ ಒಂದು ಮೂಲೆಯಲ್ಲಿ ಸುತ್ತಿಗೆಯ ಮೂತಿಯೇ ತಗಡಿನೊಳಗೆ ಇಳಿಯಿತು. ಹನಿ ಹನಿಯಾಗಿ ಸೋರಿದ್ದ ಎಣ್ಣೆ ಅಳತೆಗೆ ಸಿಗದೆ ನೆಲದಡಿ ನಮ್ಮ ಬಾವಿಯ ಕಡೆಗೆ ಹರಿದಿತ್ತು. ಮಳೆಗಾಲಕ್ಕೆ ತುಂಬಿಸಿಟ್ಟಿದ್ದರೆ ಆ ತಳ ಕಿತ್ತುಬರುತ್ತಿತ್ತು ಎಂದು ಮ್ಯಾನೇಜರೇ ಎಜಮಾನರ ಮುಂದೆ ಹೇಳಿದರು. ಓಣಿಯಲ್ಲಿ ಮನೆಮನೆಗೂ ಉರಿಯುವ ಒಲೆ...

ತಳಕ್ಕೆ ಹೊಸ ತಗಡು ಹಾಕಿ, ನೀರು ತುಂಬಿಸಿ ನಿಲ್ಲಿಸಿ, ಸೋರುವುದಿಲ್ಲವೆಂದು ಖಾತ್ರಿಯಾದ ಮೇಲೆಯೇ ಮತ್ತೆ ಎಣ್ಣೆ ತುಂಬಿದರು. ಬಾವಿಯ ನೀರನ್ನು ಎಷ್ಟು ಸಲ ಸೇದಿ ಚೆಲ್ಲಿದೆವೋ. ನಾವು ಆ ವರ್ಷವೆಲ್ಲ ಹೊಳೆಯ ನೀರನ್ನೇ ಕುಡಿದೆವು.

ಚಾಚಾರನ್ನು ಗೇಟಿಗೆ ಹಾಕಿದರು. ಅದು ಸರಿಯೇ. ಆದರೂ ಅವರು ಲಾರಿಗಳಿಗೆ ಗೇಟು ತೆಗೆಯುವುದನ್ನು ಕಂಡು ನನಗೆ ಅಳು ಬಂತು. "ನನ್ನಿಂದ ನಿಮ್ಮ ಕೆಲಸ ಹೋತಲ್ರಿ ಚಾಚಾ."

"ಹುಚ್ಚಿ! ದಿನಾ ಹೆದರಿಕೊಂತ ಒಳಗ ಇಳೀತಿದ್ದೆ. ಈಗ ಕಣ್ತುಂಬ ನಿದ್ದಿ ಬರ್ತೈತೆ."

ಮಗಳು ಹುಟ್ಟಿದಳು. ಬಾಣಂತನ ಮುಗಿಸಿ ಲೋಕಿಕೆರೆಯಿಂದ ಮರಳಿದ ದಿನ ಚಾಚಾ ಕೈಕಾಲು ತೊಳೆದು ಬಂದು ಕೂಸನ್ನು ಎತ್ತಿಕೊಂಡರು. ನೆತ್ತಿಗೆ ಮೂಗಿಟ್ಟರು.

"ಹೆಂಗೈತವ್ವಾ ವಾಸನಿ? ಹೇಳು."

"ಹರಳೆಣ್ಣಿದು ಐತ್ರಿ... ಲೋಬಾನದ ಹೊಗಿ... ಒಳಗ ಎಲ್ಲೋ ಹಾಲಿಂದು."

ಕಣ್ಣು ಮುಚ್ಚಿ ಮತ್ತೊಮ್ಮೆ ಉಸಿರೆಳೆದರು. "ಹೂಂ... ಬಂತು, ಬಂತು," ಎಂದರು. ಮ್ಯಾನೇಜರ ಮುಂದೆ ಹೇಳದ ಸುಳ್ಳನ್ನು ನನ್ನ ಮುಂದೆ ಹೇಳಿದರು. ನಾನು ನಂಬಿದಂತೆ ನಕ್ಕೆ.

ಮುಂದೆ ಅವರು ಮಗನ ಮನೆಗೆಂದು ದಾವಣಗೆರೆಗೆ ಹೋದರು. ನಮಗೂ ವರ್ಗವಾಯಿತು. ಒಮ್ಮೆ ಮಗಳನ್ನು ಕರೆದುಕೊಂಡು ಹೋಗಿ ನೋಡಿಬಂದಿದ್ದೆ, ಅಷ್ಟೇ... ಅವರು ತೀರಿಕೊಂಡ ಸುದ್ದಿ ವರ್ಷ ಕಳೆದ ಮೇಲೆ ಸ್ಟೇಷನ್ನಿನ ಹಳೆಯ ಪೋರ್ಟರೊಬ್ಬರಿಂದ ತಿಳಿಯಿತು. ನೆಂಟರಿಗಾದರೆ ಹೇಳಿ ಕಳಿಸುತ್ತಾರೆ. ನನಗೆ ಯಾರು, ಯಾಕೆ ಹೇಳಿ ಕಳಿಸಬೇಕು?

ಇಷ್ಟನ್ನೂ ಮೊನ್ನೆ ಸೊಸೆಗೆ ಹೇಳಿದೆ. ಕೇಳಿ ಮುಗಿಸಿ, "ನಿಮಗೆ ಅವರು ಏನಾಗಬೇಕಿತ್ತು ಅತ್ತೆ?" ಎಂದಳು. ಪಕ್ಕದ ಮನೆಯವರು ಎಂದೆ. ಆಮೇಲೆ ಎದ್ದು, ಅವಳು ತೆರೆದಿಟ್ಟಿದ್ದ ಕಿಟಕಿಯನ್ನು ಮುಚ್ಚಿ ಬಂದೆ.