ಮೇರಿಗಾಗಿ ಕೂತದ್ದು

ಮೊಮ್ಮಕ್ಕಳೇ, ಇಲ್ಲಿ ಐರ್ಲೆಂಡಿನ ಕ್ಲಾಂಡಾಲ್ಕಿನ್‌ನ ಕಾಲುವೆಯ ನೀರು ಹರಿಯುವಂತೆಯೇ ಕಾಣುವುದಿಲ್ಲ, ಮೋಡಗಳನ್ನು ಹೊದ್ದು ಮಲಗಿರುತ್ತದೆ. ಕೊರೋನಾ ಬಂದ ಮೇಲೆ ನಾವು ದೂರ ಹೋಗುವಂತಿಲ್ಲ. ಇಂದು ನಿಮ್ಮ ಡಾಕ್ಟರ್ ಚಿಕ್ಕಮ್ಮನಿಗೆ ರಜೆ, ಬೆಳಿಗ್ಗೆ ಇಬ್ಬರೂ ಅಲ್ಲಿಗೇ ನಡೆದೆವು.

ನೀರು ತಡೆಯುವ ಬಾಗಿಲಿಗೆ ಉದ್ದನೆಯ ಮರದ ತೊಲೆಯಿದೆ. ಅದರ ಮೇಲೆ ಪಕ್ಕದ ಮನೆಯ ಟಾಮ್ ಕೂತಿದ್ದರು. ಅವರ ಹೆಂಡತಿ ಮೇರಿ ಹೋದ ತಿಂಗಳು ತೀರಿಕೊಂಡರು.

"ಹೇಗಿದ್ದೀರಿ?" ಎಂದಳು ಚಿಕ್ಕಮ್ಮ.

"ಗ್ರ್ಯಾಂಡ್," ಎಂದರು. ಚೆನ್ನಾಗಿದ್ದೇನೆ ಅನ್ನಲು ಇಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ.

ಆಮೇಲೆ ನೀರು ನೋಡುತ್ತಲೇ ಮಾತಾಡಿದರು. ನನಗೆ ಇಂಗ್ಲಿಷ್ ಬಾರದು, ಚಿಕ್ಕಮ್ಮ ಅದನ್ನು ಕನ್ನಡದಲ್ಲಿ ಹೇಳುತ್ತಾ ಹೋದಳು. ಇನ್ನೂರು ವರ್ಷದ ಹಿಂದೆ ಅವರ ವಂಶದವನೊಬ್ಬ ಕಾಲುವೆ ತೋಡಲು ಅಮೆರಿಕಕ್ಕೆ ಹೋದನಂತೆ. ಆಗ ಅಲ್ಲಿ ರೈಲಿಲ್ಲ, ಗೋಧಿ ಸಾಗಿಸಲು ಕಾಲುವೆಯೇ ಬೇಕು. ಕೂಲಿಯ ಜೊತೆ ದಿನವೂ ಸಾರಾಯಿ ಕೊಡುತ್ತಿದ್ದರಂತೆ. ಹೋದವನು ಮರಳುವುದಿಲ್ಲವೆಂದು, ಹೊರಡುವ ಮುನ್ನ ಊರೆಲ್ಲ ಬಂದು, ಇಲ್ಲಿ ಸತ್ತವರ ಬಳಿ ರಾತ್ರಿಯಿಡೀ ಕೂರುವ ಹಾಗೆ ಅವನ ಬಳಿ ಅಳುತ್ತಾ ನಗುತ್ತಾ ಕೂತಿತ್ತಂತೆ. ಬದುಕಿದ್ದವನಿಗೆ!

"ಅವನಿಗೆ ಊರೆಲ್ಲ ಕೂತಿತ್ತು. ನನ್ನ ಮೇರಿ ಸತ್ತಾಗ ಮನೆಗೆ ಒಬ್ಬರೂ ಬರುವಂತಿರಲಿಲ್ಲ," ಎಂದರು ಟಾಮ್.

ನಿಮ್ಮ ತಾತ ಹೋದಾಗ ನಮ್ಮ ಜಗಲಿಯಲ್ಲಿ ಹನ್ನೊಂದು ದಿನ ಕೂರಲು ಜಾಗವಿರಲಿಲ್ಲ.

"ಹೋಗೋಣ್ವಾಮ್ಮ? ಚಳಿ ಐತೆ," ಎಂದಳು ಚಿಕ್ಕಮ್ಮ.

"ಸ್ವಲ್ಪ ಇರೇ. ಮೇರಿ ಹೇಗಿದ್ರು ಅಂತ ಕೇಳು," ಎಂದು ತೊಲೆಯ ಈ ತುದಿಯಲ್ಲಿ ಕೂತೆ. ಪರಗಂಡಸರ ಎದುರು ನಾನಾಗಿ ಮಾತೆತ್ತಿದ್ದು ಅದೇ ಮೊದಲು.

ಟಾಮ್ ಹೇಳತೊಡಗಿದರು. ನಡುವೆ ನಕ್ಕರು, ಮಾಸ್ಕಿನೊಳಗೆ ನಾನೂ ನಕ್ಕೆ. ಚಿಕ್ಕಮ್ಮ ಕನ್ನಡದಲ್ಲಿ ಹೇಳುವುದನ್ನು ಯಾವಾಗಲೋ ನಿಲ್ಲಿಸಿದ್ದಳು. ಹೇಳೆಂದು ನಾನೂ ಕೇಳಲಿಲ್ಲ.