ಬಣ್ಣದ ಅಡಿಯ ಮಂದಿರ

ಹತ್ತಿಯಕ್ಕ ಮೊನ್ನೆ ಕೆಲಸದ ಕೋಣೆಯ ಹೊಸ್ತಿಲಲ್ಲೇ ತೀರಿಕೊಂಡಳು. ಸೇರಿದ್ದ ಜನರಲ್ಲಿ ಯಾರೂ ಮುಟ್ಟಿರಲಿಲ್ಲ, ಹೃದಯ ನಿಂತಿತು ಎಂದರು ವೈದ್ಯರು.

ಹಳೆಯ ಚಿತ್ರಗಳ ಕೊಳೆ ತೆಗೆಯುವುದು ಅವಳ ಕಸುಬು. ಕಡ್ಡಿಗೆ ಹತ್ತಿ ಸುತ್ತಿ, ನಾಲಿಗೆಗೆ ತಾಗಿಸಿ ಉಜ್ಜುತ್ತಿದ್ದಳು. ಎಂಜಲಿನಷ್ಟು ಮೆತ್ತನೆಯ ಔಷಧಿ ಇನ್ನೊಂದಿಲ್ಲ ಎನ್ನುತ್ತಿದ್ದಳು.

ಕೊನೆಗೆ ಮ್ಯೂಸಿಯಮ್ಮಿನ ದೊಡ್ಡ ಚಿತ್ರ ಅವಳ ಕೈಗೆ ಬಂತು. ಮುಂದಿನ ಕಾಲದ ಪ್ರಾರ್ಥನಾ ಮಂದಿರವನ್ನು ನೂರು ವರ್ಷದ ಹಿಂದೆ ಒಬ್ಬ ಕಲಾವಿದ ಕಲ್ಪಿಸಿ ಬರೆದದ್ದು: ಗಾಜಿನ ಛಾವಣಿ, ಬಾಗಿಲಲ್ಲಿ ಹಾರುವ ಬಂಡಿಗಳು, ನಡುವೆ ಎತ್ತರದ ದೇವರು. ನೋಡಲು ಬಂದವರು ಕೈಮುಗಿಯುತ್ತಿದ್ದರು. ಅವಳೂ ದಿನಾ ಆ ಮುಖಕ್ಕೆ ಕೈಮುಗಿದೇ ಕೆಲಸಕ್ಕೆ ಕೂರುತ್ತಿದ್ದಳು.

ಒಂದು ದಿನ ದೇವರ ಎದೆಯ ಮೇಲೆ ಉಜ್ಜಿದಾಗ ಬಣ್ಣವೇ ಹತ್ತಿಗೆ ಬಂತು. ದೇವರನ್ನು ಆಮೇಲೆ ಯಾರೋ ನೀರುಬಣ್ಣದಲ್ಲಿ ಸೇರಿಸಿದ್ದರು. ಅಡಿಯಲ್ಲಿ ಜನ ಸುತ್ತ ಕೂತು ಒಬ್ಬರನ್ನೊಬ್ಬರು ನೋಡುತ್ತಿದ್ದರು, ಅಷ್ಟೇ. ಮೈಯೆಲ್ಲ ಉಜ್ಜಿ ಕುತ್ತಿಗೆಯವರೆಗೆ ತಲುಪುವಷ್ಟರಲ್ಲಿ ಸುದ್ದಿ ಊರಿಗೆಲ್ಲ ಹಬ್ಬಿತು. ಮೇಲ್ವಿಚಾರಕರು ಓಡಿಬಂದು ಬಾಗಿಲ ಚಿಲಕ ಹಾಕಿದರು.

“ಮುಖ ಮುಟ್ಬೇಡ ತಾಯಿ! ದೇವರನ್ನ ಎಂಜಲಲ್ಲಿ ಅಳಿಸಿದ್ಳು ಅಂತ ಹೊರಗೆ ಜನ ಸೇರಿದ್ದಾರೆ. ಚರ್ಮ ಸುಲೀತಾರೆ.”

“ಬರೀ ತಲೆ ಉಳಿಸಿದ್ರೆ ಮಕ್ಕಳು ಹೆದರ್ತಾವೆ, ಸಾರ್.”

“ತಮಾಷೆ ಸಾಕು. ಮೈ ಮತ್ತೆ ಬರೆದುಬಿಡು.”

“ಚಿತ್ರ ಬರೆದ ಪುಣ್ಯಾತ್ಮ ದೇವರನ್ನ ಬರೀಲೇ ಇಲ್ವಲ್ಲ. ಅವನ ಬಾಯಲ್ಲಿ ನಾವ್ಯಾಕೆ ಸುಳ್ಳು ಹೇಳಿಸೋದು?”

ಹೊರಗಿನ ಜನ ಬಾಗಿಲು ಬಡಿಯತೊಡಗಿದರು. ಅವಳ ಬಾಯಿ ಒಣಗಿತ್ತು. ಒಂದು ಗುಟುಕು ನೀರು ಕುಡಿದು, ಹೊಸ ಹತ್ತಿ ಸುತ್ತಿ, ದೇವರ ಹಣೆಯಿಂದ ಉಜ್ಜುತ್ತಾ ಬಂದಳು. ಮುಖವಿದ್ದ ಜಾಗದಲ್ಲಿ ಒಬ್ಬ ಮುದುಕಿ ಪಕ್ಕದವಳ ಮಾತಿಗೆ ನಗುತ್ತಿದ್ದಳು.

ಹತ್ತಿಯಕ್ಕ ಕಡ್ಡಿ ಕೆಳಗಿಟ್ಟು ಎದ್ದಳು. ಮೇಲ್ವಿಚಾರಕರು ಬೇಡ ಬೇಡವೆಂದರೂ ಕೇಳದೆ, ತಾನೇ ಹೋಗಿ ಚಿಲಕ ತೆಗೆದಳು.