ಮಾಮಾನ ತೋಟಕ್ಕೆ ಎಳೆದ ತಂತಿ

ಮೊನ್ನೆ ಟ್ಯೂಬ್‌ಲೈಟ್ ಹುಡುಕಲು ಅಟ್ಟಕ್ಕೆ ಕೈ ಹಾಕಿದರೆ ಇಂಟರ್‌ನೆಟ್ ತಂತಿಯ ಕಪ್ಪು ಸಿಂಬೆಯೊಂದು ಧೂಳಿನ ಸಮೇತ ತಲೆಯ ಮೇಲೆ ಬಿತ್ತು. ಸೀನುತ್ತ ಕೂತವನಿಗೆ ಕಮಲಾಪುರದ ಮಾಮಾನ ತೋಟ ನೆನಪಾಯಿತು.

ಮಾಮಾ ಎಂದರೆ ನಮ್ಮವ್ವನ ತಮ್ಮ, ಕೆಂಪು ಬಾಳೆ ಬೆಳೆಯುವವರು. ತೋಟದಲ್ಲಿ ಮಾತಾಡಿದರೆ ರಸ್ತೆಗೆ ಕೇಳಬೇಕು, ಅಂಥ ಗಂಟಲು. ಲಕ್ವಾ ಹೊಡೆದು ಆ ಮಾತೇ ಹೋಯಿತು. ತಪ್ಪದೆ ಅಭ್ಯಾಸ ಮಾಡಿಸಿದರೆ ಮರಳೀತು ಎಂದರು ಡಾಕ್ಟರು. ಕಲಬುರಗಿಯ ಮೇಡಂ ಒಬ್ಬರು ವಿಡಿಯೋದಲ್ಲಿ ಕಲಿಸಲು ಒಪ್ಪಿದರು. ಆದರೆ ಮಾಮಾ ತೋಟದ ಕೋಣೆ ಬಿಟ್ಟು ಬರಲೊಲ್ಲರು, ಅಲ್ಲಿ ಮೊಬೈಲಿಗೆ ಸಿಗ್ನಲ್ಲಿಲ್ಲ. ರಸ್ತೆಬದಿಯ ಮನೆಯಿಂದ ತಂತಿ ಎಳೆಯಬೇಕು. ಕಲಬುರಗಿಯ ಖೂಬಾ ಪ್ಲಾಟಿನಲ್ಲಿದ್ದುಕೊಂಡು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ನಾನೇ ಬಳಗದ ಎಂಜಿನಿಯರು. ಮಿಕ್ಸಿ ಕೆಟ್ಟರೂ ನನಗೇ ಫೋನು. ನಿಮ್ಮ ಬಳಗದಲ್ಲೂ ಇಂಥ ಪಾಪದವನೊಬ್ಬ ಇರಬೇಕು.

ಈ ತಂತಿ ನೂರು ಮೀಟರ್ ದಾಟಿದರೆ ನೆಟ್ ಸೊರಗುತ್ತದೆ. ಅದಕ್ಕೇ ಕೋಣೆಗೆ ಸ್ವಲ್ಪ ಮುಂಚೆ ಸಿಗುವ ಪಂಪ್ ಶೆಡ್ಡಿನಲ್ಲಿ, ನೆಟ್ಟನ್ನು ಮುಂದಕ್ಕೆ ದಾಟಿಸುವ ಸಣ್ಣ ಸ್ವಿಚ್ ಡಬ್ಬಿ ಇಟ್ಟು, ಅಲ್ಲಿಂದ ಇನ್ನೊಂದು ತಂತಿ ಎಳೆದೆ. ಕೆಲವು ದಿನ ಚೆನ್ನಾಗಿಯೇ ನಡೆಯಿತು. ಆಮೇಲೆ ಪಾಠದ ನಡುವೆ ಮೇಡಂ ತೆರೆದ ಬಾಯಲ್ಲೇ ನಿಂತುಬಿಡತೊಡಗಿದರು.

ಯಾವ್ಯಾವ ದೀಪ ಉರಿಯುತ್ತಿವೆ ನೋಡಿ ಎಂದು ಫೋನಿನಲ್ಲಿ ಅತ್ತೆಗೆ ಹೇಳಿದೆ. ಅವರು ಒಂದು ಸುತ್ತು ಹಾಕಿ ಬಂದು, "ಎಲ್ಲಾ ಉರೀಲಾಕತ್ತಾವಪ್ಪ. ದೇವರ ಮನೀದೂ ಉರೀಲಾಕತ್ತದ" ಎಂದರು.

ಬಸ್ಸು ಹತ್ತಿದೆ. ಮನೆಯ ರೂಟರು ಸರಿಯಿತ್ತು. ವೈದ್ಯರು ನಾಡಿ ಹಿಡಿದಂತೆ ತಂತಿ ಹಿಡಿದುಕೊಂಡು ನಡೆದೆ. ಶೆಡ್ಡಿನ ಬಾಗಿಲಲ್ಲಿ ಬಗ್ಗಿದಾಗ ಕತ್ತಲಲ್ಲಿ ಡಬ್ಬಿಯ ಹಸಿರು ದೀಪ ಕಂಡಿತು. ಸರಿ ಎಂದು ಮುಂದೆ ಹೋದೆ. ಕೋಣೆಯ ಮುಂದೆ ಹೊರಸಿನ ಮೇಲೆ ಕೂತಿದ್ದ ಮಾಮಾ ನನ್ನನ್ನು ಕಂಡವರೇ ಕೈಚಾಚಿ, "ಕೋ... ಕೋ..." ಎನ್ನತೊಡಗಿದರು. ಅತ್ತೆ ಓಡಿಹೋಗಿ ಕೋಟು ತಂದರು. ಆ ಬಿಸಿಲಲ್ಲಿ ಕೋಟು! ಮಾಮಾ ಅದನ್ನು ನೆಲಕ್ಕೆ ತಳ್ಳಿದರು. ಇದು ಮೇಡಂ ಕೊಟ್ಟ ಅಭ್ಯಾಸ, ತಡೆಯಬೇಡಿ ಎಂದು ನಾನು ತಿಳಿದವನಂತೆ ಹೇಳಿದೆ. ಅತ್ತೆ ಈ ಸಲ ಕೋಲು ತಂದರು. ಮಾಮಾ ಅದನ್ನು ಕಸಿದು, ಇದ್ದಬದ್ದ ಶಕ್ತಿಯಿಂದ ಶೆಡ್ಡಿನತ್ತ ಎಸೆದರು.

ಒಳಗಿಂದ ಅತ್ತೆಯ ಕೋಳಿ ಕಿರುಚುತ್ತ ಹೊರಬಂತು.

ಹೋಗಿ ನೋಡಿದರೆ ಬೆಚ್ಚಗಿನ ಡಬ್ಬಿಗೆ ಒತ್ತಿಕೊಂಡು ಮೊಟ್ಟೆಗಳು. ತಂತಿಯ ಕೊಕ್ಕೆ ಮುರಿದ ತುದಿಯೊಂದನ್ನು ನಾನೇ ಹಾಗೇ ಡಬ್ಬಿಗೆ ಸಿಗಿಸಿ ಹೋಗಿದ್ದೆ. ಕಾವಿಗೆ ಕೂತ ಕೋಳಿ ಮೈ ತಿರುಗಿಸಿದಾಗಲೆಲ್ಲ ಅದು ಸಡಿಲುತ್ತಿತ್ತು. ಕೋಳಿ ಒಳಗೆ ಹೋಗುವುದನ್ನೂ ಮೇಡಂ ನಿಲ್ಲುವುದನ್ನೂ ಹೊರಸಿನಿಂದ ದಿನಾ ನೋಡಿದ್ದವರು ಮಾಮಾ ಒಬ್ಬರೇ. ಹೇಳಲು ಬಾಯಿ ಇರಲಿಲ್ಲ ಅಷ್ಟೇ.

ತುದಿ ಹೊಸದು ಹಾಕಿ, ಡಬ್ಬಿಯನ್ನು ಗೋಡೆಗೆ ಏರಿಸಿದೆ. ಕೋಳಿಗೆ ಹುಲ್ಲು ಹಾಸಿದ ಬುಟ್ಟಿ ಸಿಕ್ಕಿತು. ಸಂಜೆ ಮೇಡಂ ಎಲ್ಲೂ ನಿಲ್ಲದೆ ಮಾತಾಡಿದರು. 'ಕ'ದಿಂದ ಒಂದು ಶಬ್ದ ಹೇಳಿ ಎಂದರು. ಮಾಮಾ ಬಲ ಕೂಡಿಸಿಕೊಂಡು, "ಕೋ...ಳಿ" ಎಂದರು. ಇನ್ನೊಂದು ಎಂದರು ಮೇಡಂ. ಮಾಮಾ ಪರದೆ ಬಿಟ್ಟು ನನ್ನ ಕಡೆ ನೋಡಿದರು.

"ಕ...ತ್ತೆ."

ಮೇಡಂ ಚಪ್ಪಾಳೆ ತಟ್ಟಿದರು. ಅತ್ತೆ ಬಾಯಿಗೆ ಸೆರಗು ಒತ್ತಿ ನಕ್ಕರು. ನಗುತ್ತಿದ್ದವರು ಅದೇ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಈಗ ಮಾಮಾ ಮಾತಾಡುತ್ತಾರೆ, ತಡವರಿಸಿ, ನಿಂತು ನಿಂತು. ಮೊದಲಾದರೆ ಉಳಿದರ್ಧ ಶಬ್ದವನ್ನು ನಾನೇ ಹೇಳಿಬಿಡುತ್ತಿದ್ದೆ. ಇವತ್ತು ಅದೇ ತಂತಿಯ ನೆಟ್ಟಿನಿಂದ ಫೋನು ಮಾಡಿ, "ಬಾ..." ಎಂದು ನಿಂತರು. ಬರ್ತೀನಿ ಮಾಮಾ ಎನ್ನುವುದು ತುಟಿಗೆ ಬಂದಿತ್ತು, ನುಂಗಿಕೊಂಡೆ. ಲೈನ್ ಕಟ್ಟಾಯಿತೇ ಎಂದು ಹೆಂಡತಿ ಕೇಳಿದರೆ ಸುಮ್ಮನಿರು ಎಂದು ಕೈ ಮಾಡಿದೆ.

"ಬಾಳಿ ಹಣ್ಣಾಗ್ಯಾವ" ಎಂದರು ಮಾಮಾ. ಉಸಿರು ತಗೊಂಡು, "ಬಾ" ಎಂದರು.